ಚರ್ಚಿನ ಗೋಡೆಗೆ ಚಂದಾ ಕೊಡ್ತೀನಿ, ಆದ್ರೆ ಮೂರು ಪ್ರಶ್ನೆ ಕೇಳಿ ಕೊಡ್ತೀನಿ

ಮೊನ್ನೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ತಮ್ಮ ಶೆಟ್ಟಿಹಳ್ಳಿ ಚರ್ಚಿನ ಫೋಟೋ ಹಾಕಿದ್ದ. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಚರ್ಚು. ನೀವೂ ನೋಡಿರ್ತೀರಿ. ಸಿನಿಮಾದವರು, ಮದುವೆ ಫೋಟೋದವರು, ರೀಲ್ಸ್ ಮಾಡೋರು, ಎಲ್ಲರಿಗೂ ಅದು ಬೇಕು. ಕೆಳಗೆ ಆ ತಮ್ಮ ಬರೆದಿದ್ದ: "ಅಣ್ಣಂದಿರೇ, ಅಕ್ಕಂದಿರೇ, ಇದು ನಮ್ಮ ಕಣ್ಣೆದುರಿಗೇ ಬೀಳ್ತಾ ಇದೆ. ಸರ್ಕಾರಕ್ಕೆ ಕಾದರೆ ಇಟ್ಟಿಗೆನೂ ಉಳಿಯಲ್ಲ. ಎಲ್ಲರೂ ಸೇರಿ ದುಡ್ಡು ಎತ್ತಿ ಉಳಿಸೋಣ."

ತಕ್ಷಣ ಎರಡು ಉತ್ತರ ಬಂತು. ಒಬ್ಬರು "ಒಳ್ಳೆ ವಿಚಾರ, ನನ್ನದು ಐನೂರು" ಅಂದ್ರು. ಇನ್ನೊಬ್ಬರು "ನಮ್ಮ ಕೇರಿ ಅಂಗನವಾಡಿ ಸೋರ್ತಾ ಇದೆ, ನಿಮಗೆ ಚರ್ಚು ಬೇಕಾಯ್ತಾ?" ಅಂದ್ರು. ಜಗಳ ಶುರು. ಕೊನೆಗೆ ಯಾರೋ ನನ್ನ ಹೆಸರು ಎಳೆದರು: "ಅಣ್ಣ, ನೀವು ಹಂಪಿ ಕಡೆಯವರು, ನೀವೇ ಹೇಳ್ರಿ."

ಎರಡು ದಿನ ಸುಮ್ಮನಿದ್ದೆ. ಈ ಪೋಸ್ಟು ಆ ಉತ್ತರ. ಸ್ವಲ್ಪ ಉದ್ದ ಇದೆ, ಓದಿ.

ಹಂಪಿ ಕಡೆಯವನಾದ ನನಗೆ "ಪರಂಪರೆ ಉಳಿಸೋಣ" ಅನ್ನೋ ಮಾತು ಕೇಳಿದ್ರೆ ಮೊದಲು ನೆನಪಾಗೋದು ಬುಲ್ಡೋಜರ್. 2011ರ ಜುಲೈ 29. ವಿರೂಪಾಕ್ಷ ಗುಡಿಯ ಮುಂದಿನ ಬಜಾರು. ಸಾಲುಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಜನ ಎಷ್ಟೋ ವರ್ಷದಿಂದ ಬದುಕ್ತಿದ್ರು. ಹೂವು, ಬಾಳೆಹಣ್ಣು, ತೆಂಗಿನಕಾಯಿ ಮಾರೋರು, ಸಣ್ಣ ಹೋಟೆಲಿನವರು, ಬಾಡಿಗೆಗೆ ಸೈಕಲ್ ಕೊಡೋರು, ಗೈಡುಗಳು. ಅವರ ಮನೆ, ಅಂಗಡಿ ಎರಡೂ ನೆಲಸಮ ಆದವು. ಲೆಕ್ಕಕ್ಕೆ ಬಂದದ್ದು 326 ಕುಟುಂಬ. ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಗುಡಿಗೆ ಬರೋ ಗಿರಾಕಿ ಕಡ್ಡಿರಾಂಪುರಕ್ಕೆ ಬರ್ತಾನಾ?

ಸತ್ಯ ಹೇಳಬೇಕು. ಮಂಟಪಕ್ಕೆ ಜನರಿಂದ ಹಾನಿ ಆಗಿರಲಿಲ್ಲ ಅಂತ ನಾನು ವಾದ ಮಾಡಲ್ಲ. ಕಂಬಕ್ಕೆ ಮೊಳೆ ಹೊಡೆದಿದ್ರು, ಸಿಮೆಂಟ್ ಮೆತ್ತಿದ್ರು. ಆದ್ರೆ ತಪ್ಪು ಹೇಳಿಕೊಟ್ಟು ತಿದ್ದಬಹುದಿತ್ತು. ತಿದ್ದಲಿಲ್ಲ, ಎಬ್ಬಿಸಿದರು. ಜನ ಹೋದರೆ ಕಲ್ಲು ಉಳಿಯುತ್ತೆ ಅನ್ನೋದು ಅವರ ನಂಬಿಕೆ.

2024ರ ಮೇ ತಿಂಗಳ ಮಳೆಗೆ ಅದೇ ಬೀದಿಯ ಸಾಲುಮಂಟಪದ ಒಂದು ಭಾಗ ಕುಸೀತು. ಒಳಗೆ ಮಲಗೋರು ಯಾರೂ ಇರಲಿಲ್ಲ. ಕಂಬಕ್ಕೆ ಒರಗಿ ಕೂರೋ ಅಜ್ಜಿ ಇರಲಿಲ್ಲ. ಮನೆ ಸೋರೋದು ಮೊದಲು ಗೊತ್ತಾಗೋದು ಇಂಜಿನಿಯರಿಗಲ್ಲ, ಅದರ ಕೆಳಗೆ ಚಾಪೆ ಹಾಸೋರಿಗೆ. ಆ ಚಾಪೆ ಎತ್ತಿ ಆಗಲೇ 13 ವರ್ಷ ಆಗಿತ್ತು.

ಈಗ ಶೆಟ್ಟಿಹಳ್ಳಿಗೆ ಬರ್ತೀನಿ.

1860ರ ಆಸುಪಾಸಿನಲ್ಲಿ ಫ್ರೆಂಚ್ ಪಾದ್ರಿಗಳ ಕಾಲದಲ್ಲಿ ಎದ್ದ ಚರ್ಚು ಅದು. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ರು ಅಂತ ಆ ಕಡೆ ಜನ ಹೇಳ್ತಾರೆ. ಸುತ್ತ ಊರಿತ್ತು, ಹೊಲ ಇತ್ತು, ಗಂಟೆ ಹೊಡೆದರೆ ಬರೋ ಜನ ಇದ್ರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರ ಹೊತ್ತಿಗೆ ಮುಗೀತು. ಹಿನ್ನೀರು ಬಂತು, ಜನ ಎದ್ದು ಹೋಗಬೇಕಾಯ್ತು. ಚರ್ಚನ್ನ ಹೊತ್ಕೊಂಡು ಹೋಗೋಕಾಗುತ್ತಾ? ಅದು ಅಲ್ಲೇ ನಿಂತ್ಕೊಂಡ್ತು.

ಗಮನಿಸಿ. ಚರ್ಚು ಹಾಳಾಗಿ ಜನ ಬಿಟ್ಟು ಹೋದದ್ದಲ್ಲ. ಜನರನ್ನ ಎಬ್ಬಿಸಿದ್ದಕ್ಕೆ ಚರ್ಚು ಹಾಳಾಯ್ತು. ಹಂಪಿ ಬಜಾರಿನಲ್ಲಿ ಕಲ್ಲಿಗಾಗಿ ಜನರನ್ನ ಎತ್ತಿದರು, ಶೆಟ್ಟಿಹಳ್ಳಿಯಲ್ಲಿ ನೀರಿಗಾಗಿ ಎತ್ತಿದರು. ಎರಡೂ ಕಡೆ ಉಳಿದ ಗೋಡೆ ಈಗ ಫೋಟೋಗೆ ಚೆಂದ ಕಾಣುತ್ತೆ. ಆ ಫೋಟೋದಲ್ಲಿ ಇಲ್ಲದೇ ಇರೋರು ಯಾರು ಅಂತ ಕೇಳೋದು ನಮ್ಮಂಥವರ ಕೆಲಸ. ಅವರು ದಲಿತರಾ, ಬೇರೆಯವರಾ ಅನ್ನೋದು ಆಮೇಲಿನ ಮಾತು. ಒಕ್ಕಲೆಬ್ಬಿಸೋ ನೋವು ನಮಗೆ ಗೊತ್ತಿರೋದು.

"ಹಾಗಾದ್ರೆ ಬಿದ್ದು ಹೋಗ್ಲಿ ಬಿಡ್ರಿ" ಅಂತಾರೆ ನಮ್ಮ ಕೆಲವು ಗೆಳೆಯರು. ಇದನ್ನ ನಾನು ಒಪ್ಪಲ್ಲ.

2019ರ ಏಪ್ರಿಲ್ 15ಕ್ಕೆ ಪ್ಯಾರಿಸ್ಸಿನ ನಾಟ್ರಡಾಮ್ ಚರ್ಚು ಹೊತ್ತಿ ಉರೀತು. ಇಡೀ ಜಗತ್ತು ಟಿವಿ ಮುಂದೆ ಕೂತಿತ್ತು. ಶ್ರೀಮಂತರು ಪೈಪೋಟಿ ಮೇಲೆ ಕೊಟ್ಟರು. ಎಲ್ಲ ಸೇರಿ 84 ಕೋಟಿ ಯೂರೋಗೂ ಹೆಚ್ಚು ದುಡ್ಡು ಬಂತು. ಐದೂವರೆ ವರ್ಷದಲ್ಲಿ, 2024ರ ಡಿಸೆಂಬರಿನಲ್ಲಿ, ಬಾಗಿಲು ತೆರೀತು. ಆಗ ಫ್ರಾನ್ಸಿನ ಬಡವರೇ ಬೀದಿಯಲ್ಲಿ ಕೇಳಿದ್ರು, ನಮ್ಮ ಹೊಟ್ಟೆಗಿಲ್ಲದ ದುಡ್ಡು ಗೋಪುರಕ್ಕೆ ಎಲ್ಲಿಂದ ಬಂತು ಅಂತ. ನ್ಯಾಯವಾದ ಪ್ರಶ್ನೆ.

ಅದೇ ಹೊತ್ತಿನ ಇನ್ನೊಂದು ಕಥೆ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ನಾಟ್ರಡಾಮ್ ಉರಿಯೋಕೆ ಕೆಲವೇ ದಿನ ಮೊದಲು, ಅಮೆರಿಕದ ಲೂಯಿಸಿಯಾನದಲ್ಲಿ ಕರಿಯ ಜನರ ಮೂರು ಚರ್ಚುಗಳಿಗೆ ಒಬ್ಬ ಬಿಳಿಯ ಯುವಕ ಬೆಂಕಿ ಇಟ್ಟಿದ್ದ. ಮೂರೂ ನೂರು ವರ್ಷ ದಾಟಿದ್ದವು. ಅವಕ್ಕೆ ಆನ್‌ಲೈನಿನಲ್ಲಿ ಎತ್ತುತ್ತಿದ್ದ ಚಂದಾ ಆಮೆ ಹಾಗೆ ತೆವಳ್ತಿತ್ತು. ಪ್ಯಾರಿಸ್ಸಿನ ಬೆಂಕಿ ನೋಡಿ ಅಳ್ತಿದ್ದ ಜನಕ್ಕೆ ಕೆಲವರು ಈ ಮೂರು ಚರ್ಚುಗಳನ್ನ ನೆನಪಿಸಿದರು. ಕೆಲವೇ ದಿನದಲ್ಲಿ 18 ಲಕ್ಷ ಡಾಲರಿನ ಗುರಿ ದಾಟಿ, 20 ಲಕ್ಷವನ್ನೂ ಮೀರಿ ಹೋಯ್ತು.

ಆ ಚರ್ಚುಗಳು ದೊಡ್ಡ ಗೋಪುರದವಲ್ಲ. ಆದ್ರೆ ಅಮೆರಿಕದಲ್ಲಿ ಕರಿಯರ ಚರ್ಚು ಅಂದ್ರೆ ಶಾಲೆ, ಸಭೆ, ಹೋರಾಟದ ಕಚೇರಿ ಎಲ್ಲ ಅದೇ. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನ ಕೊಂದದ್ದು ಯಾಕೆ? ಹೋರಾಟ ಅಲ್ಲಿಂದ ಹೊರಡ್ತಿತ್ತು ಅಂತ. ಆ ಕಟ್ಟಡವನ್ನ ಅವರು ಬಿಟ್ಟುಕೊಡಲಿಲ್ಲ. ದುರಸ್ತಿ ಮಾಡಿಸಿಕೊಂಡು ಇವತ್ತೂ ಅಲ್ಲೇ ಸೇರ್ತಾರೆ. ಇತಿಹಾಸ ಕೈ ತಪ್ಪಿದರೆ ಅದನ್ನ ಬೇರೆಯವರು ಬರೀತಾರೆ ಅನ್ನೋದು ಅವರಿಗೆ ಗೊತ್ತು. ನಮಗೂ ಗೊತ್ತಿರಬೇಕು.

ಇನ್ನು ಸ್ವಲ್ಪ ಕಹಿ ಮಾತು. ಚರ್ಚು ಅಂದ ತಕ್ಷಣ ಅಲ್ಲಿ ಜಾತಿ ಇರಲಿಲ್ಲ ಅಂದ್ಕೋಬೇಡಿ. ತಮಿಳುನಾಡಿನ ವಡಕ್ಕನ್‌ಕುಲಂನಲ್ಲಿ 1872ರಲ್ಲಿ ಕಟ್ಟಿದ ಚರ್ಚಿಗೆ ಪ್ಯಾಂಟಿನ ಎರಡು ಕಾಲಿನ ಹಾಗೆ ಎರಡು ಭಾಗ. ಮೇಲಿನವರಿಗೆ ಒಂದು, ಕೆಳಗಿನವರಿಗೆ ಒಂದು, ನಡುವೆ ಗೋಡೆ. ದೇವರ ಪೀಠ ಮಾತ್ರ ಒಂದೇ. 1910ರಲ್ಲಿ ಆ ಗೋಡೆ ಒಡೆದರು. ಈಗ ನಾನು ಕೇಳ್ತೀನಿ: "ಮೂಲ ಸ್ವರೂಪಕ್ಕೆ ತರ್ತೀವಿ" ಅಂತ ಚಂದಾ ಎತ್ತೋರು ಈ ಗೋಡೆಯನ್ನೂ ಮತ್ತೆ ಕಟ್ತಾರಾ? ಕಟ್ಟಲ್ಲ ತಾನೇ? ಅಂದ್ರೆ ಯಾವುದನ್ನ ಉಳಿಸಬೇಕು, ಯಾವುದನ್ನ ಬಿಡಬೇಕು ಅಂತ ಯಾರೋ ಕೂತು ತೀರ್ಮಾನ ಮಾಡ್ತಾರೆ. ಆ ತೀರ್ಮಾನದ ಮೇಜಿನ ಹತ್ತಿರ ನಮಗೊಂದು ಕುರ್ಚಿ ಇದೆಯಾ ಅನ್ನೋದೇ ಇಡೀ ವಿಷಯ.

ಅದಕ್ಕೇ ಆ ತಮ್ಮನಿಗೆ ನನ್ನ ಮೂರು ಪ್ರಶ್ನೆ. ಶೆಟ್ಟಿಹಳ್ಳಿಗಷ್ಟೇ ಅಲ್ಲ, ಹಂಪಿಯ ಮಂಟಪಕ್ಕೂ, ನಮ್ಮೂರ ಹಳೇ ಚಾವಡಿಗೂ ಇದೇ ಪ್ರಶ್ನೆ.

ಒಂದು. ಲೆಕ್ಕ ಯಾರ ಕೈಲಿ? ಬ್ಯಾಂಕ್ ಖಾತೆ ಯಾರ ಹೆಸರಲ್ಲಿ, ಸಹಿ ಯಾರದ್ದು? ಆ ಚರ್ಚಿನಿಂದ ಎದ್ದು ಹೋದ ಕುಟುಂಬಗಳ ಇಬ್ಬರಾದರೂ ಸಮಿತಿಯಲ್ಲಿ ಇರಬೇಕು, ಅದರಲ್ಲಿ ಒಬ್ಬರು ಹೆಣ್ಣುಮಗಳು. ತಿಂಗಳಿಗೊಮ್ಮೆ ಖರ್ಚಿನ ಪಟ್ಟಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. ಆ ನೆಲ ಯಾರ ಹೆಸರಿನಲ್ಲಿದೆ ಅಂತ ಮೊದಲು ಕಾಗದ ತೆಗೆಸಿ. ಅನುಮತಿ ಇಲ್ಲದೆ ಒಂದು ಇಟ್ಟಿಗೆ ಮುಟ್ಟಿದರೂ ಕೇಸು ಬೀಳೋದು ಕೂಲಿಯವನ ಮೇಲೆ, ದಾನಿ ಮೇಲಲ್ಲ.

ಎರಡು. ಕೆಲಸ ಯಾರಿಗೆ, ಕೂಲಿ ಎಷ್ಟು? ಸೂರು ಹೋದ ಹಳೇ ಗೋಡೆಗೆ ದೊಡ್ಡ ಶತ್ರು ತಲೆಯಿಂದ ಇಳಿಯೋ ನೀರು. ಅದಕ್ಕಿಂತ ದೊಡ್ಡ ಶತ್ರು ಅವಸರದ ಸಿಮೆಂಟು. ಸುಣ್ಣದ ಗಾರೆ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಬಿಡುತ್ತೆ. ಸಿಮೆಂಟು ಬಾಯಿ ಮುಚ್ಚುತ್ತೆ, ನೀರು ಒಳಗೇ ಉಳಿದು ಹಳೇ ಇಟ್ಟಿಗೆ ಪುಡಿಯಾಗುತ್ತೆ. ವರ್ಷಾ ವರ್ಷಾ ನೀರಲ್ಲಿ ಮುಳುಗಿ ಏಳೋ ಗೋಡೆಗೆ ಹೊಸ ಚಾವಣಿ ಹಾಕಿ ಫಳಫಳ ಮಾಡ್ತೀವಿ ಅನ್ನೋದು ದುಡ್ಡು ಹೊಳೆಗೆ ಹಾಕಿದ ಹಾಗೆ. ಇರೋದು ಬೀಳದ ಹಾಗೆ ನಿಲ್ಲಿಸಿದರೆ ಸಾಕು. ಈ ಸುಣ್ಣದ ವಿದ್ಯೆ ಯಾರದ್ದು? ಸುಣ್ಣ ಸುಟ್ಟ ಸುಣಗಾರರದ್ದು, ಕಲ್ಲು ಒಡೆದ ವಡ್ಡರದ್ದು, ಗಾರೆ ಹೊತ್ತ ಹೆಣ್ಣುಮಕ್ಕಳದ್ದು. ಅವರ ಮಕ್ಕಳನ್ನ ಕರೆದು, ತರಬೇತಿ ಕೊಟ್ಟು, ಕುಶಲಕರ್ಮಿಯ ಕೂಲಿ ಕೊಟ್ಟು ಕೆಲಸ ಮಾಡಿಸಿ. ತಜ್ಞರಿಗೆ ಲಕ್ಷ, ಇವರಿಗೆ ದಿನಗೂಲಿ ಅಂದ್ರೆ ನನ್ನ ರೂಪಾಯಿ ಬರಲ್ಲ.

ಮೂರು. ಉಳಿಸಿದ ಮೇಲೆ ಯಾರಿಗೆ? ಟಿಕೆಟ್ ಕೌಂಟರ್ ಇಟ್ಟು ನಾಲ್ಕು ಜನ ಗುತ್ತಿಗೆದಾರರು ಪಾರ್ಕಿಂಗ್ ವಸೂಲಿ ಮಾಡೋಕಾ? ಬೇಸಿಗೆಯಲ್ಲಿ ನೀರು ಇಳಿದಾಗ ಆ ಊರಿನ ಮೂಲದವರು ಬಂದು ಒಂದು ಮೇಣದಬತ್ತಿ ಹಚ್ಚೋಕೆ ಅವಕಾಶ ಇರುತ್ತಾ? ಅಲ್ಲಿ ಒಂದು ಕಲ್ಲು ನೆಡಿ. ಅದರ ಮೇಲೆ ದಾನಿಗಳ ಹೆಸರು ಬೇಡ. ಅಣೆಕಟ್ಟಿಗಾಗಿ ಎದ್ದು ಹೋದ ಊರುಗಳ ಹೆಸರು ಕೆತ್ತಿಸಿ.

ಆ ಅಂಗನವಾಡಿ ಅಕ್ಕನಿಗೂ ಒಂದು ಮಾತು. ನೀವು ಕೇಳಿದ್ದು ಸರಿ. ಆದ್ರೆ ಅಂಗನವಾಡಿ ಚಾವಣಿ ಸರ್ಕಾರದ ಕರ್ತವ್ಯ, ಅದಕ್ಕೆ ನಾವು ಚಂದಾ ಎತ್ತಬಾರದು. ಪಂಚಾಯ್ತಿ ಮುಂದೆ ಕೂರಬೇಕು. ಯಾವತ್ತು ಕೂರ್ತೀರಿ ಹೇಳಿ, ಹೊಸಪೇಟೆಯಿಂದ ನಾನೂ ಬರ್ತೀನಿ. ಚಂದಾ ಎತ್ತಬೇಕಾದ್ದು ಯಾರೂ ತಮ್ಮದು ಅಂತ ಹೇಳದ ನೆನಪುಗಳಿಗೆ. ನಮ್ಮಲ್ಲೂ ಅಂಥವು ಎಷ್ಟಿಲ್ಲ? ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು ನೂರು ವರ್ಷದ ಮೇಲಾಯ್ತು. ಬಾಬಾಸಾಹೇಬರು ಧಾರವಾಡದಲ್ಲಿ ನಮ್ಮ ಹುಡುಗರಿಗಾಗಿ ಹಾಸ್ಟೆಲ್ ಶುರು ಮಾಡಿಸಿದರು. ನಮ್ಮ ಕೇರಿಗಳಲ್ಲಿ ನಮಗೇ ಅಂತ ತೋಡಿದ ಹಳೇ ಬಾವಿಗಳಿವೆ, ಈಗ ಅವುಗಳಲ್ಲಿ ಕಸ ತುಂಬಿದೆ. ಇವೂ ಸ್ಮಾರಕಗಳೇ. ಇವಕ್ಕೆ ಯುನೆಸ್ಕೋ ಬರಲ್ಲ, ನಾವೇ ಬರಬೇಕು.

ತಮ್ಮ, ನನ್ನದು ಒಂದು ಸಾವಿರ ಬರ್ಕೋ. ಮೂರಕ್ಕೂ ಉತ್ತರ ಸಿಕ್ಕಿದ ದಿನ ಕಳಿಸ್ತೀನಿ. ಅದಕ್ಕೂ ಮೊದಲು ಒಂದು ಕೆಲಸ ಮಾಡು. ಕ್ಯಾಮೆರಾ ಗೋಡೆ ಕಡೆಯಿಂದ ತಿರುಗಿಸು. ಆ ಊರಿನಿಂದ ಎದ್ದು ಹೋದ ಒಬ್ಬ ಅಜ್ಜಿಯನ್ನ ಹುಡುಕು, ಪಕ್ಕದಲ್ಲಿ ಕೂತ್ಕೊ, ಗಂಟೆ ಹೊಡೆದಾಗ ಹೇಗೆ ಕೇಳಿಸ್ತಿತ್ತು ಅಂತ ಕೇಳು. ಅದನ್ನ ನಮ್ಮ ಗುಂಪಿಗೆ ಹಾಕು. ನಾನೂ ಕಡ್ಡಿರಾಂಪುರಕ್ಕೆ ಹೋಗಿ ಬಜಾರಿನ ಅಜ್ಜಿಯರ ಜೊತೆ ಕೂತು ಹಾಗೇ ಮಾಡ್ತೀನಿ.

ಜೈ ಭೀಮ್.