ಮುಪ್ಪಿನ ಬೆಕ್ಕು ಮತ್ತು ಮನೆಯ ದಯೆ



ಶ್ರಾವಣ ಮಾಸದ ಒಂದು ಸಂಜೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ನಮ್ಮ ಬಳಿ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತರು. "ಗುರುಗಳೇ, ಇದು ನಿಮ್ಮ ಮುಂದೆ ಆಡುವ ಮಾತಲ್ಲ" ಎನ್ನುತ್ತಲೇ ತಮ್ಮ ಮನೆಯ ಬೆಕ್ಕಿನ ಸಂಗತಿಯನ್ನು ತಿಳಿಸಿದರು. ಅದಕ್ಕೆ 14 ವರ್ಷ. ಬಚ್ಚಲಮನೆಯ ಬಳಿ ಇಟ್ಟಿದ್ದ ಮರಳಿನ ತೊಟ್ಟಿಯಲ್ಲಿಯೇ ಮಲಮೂತ್ರ ಮಾಡಿ, ಮರಳು ಮುಚ್ಚಿ ಬರುವುದು ಅದರ ರೂಢಿ. ಎರಡು ತಿಂಗಳಿಂದ ತೊಟ್ಟಿಯನ್ನು ಬಿಟ್ಟಿದೆ. ಮೊದಲು ಪಡಸಾಲೆಯ ಮೂಲೆ. ಕೊನೆಗೆ ಮಾವನವರು ಲಿಂಗಪೂಜೆಗೆ ಕುಳಿತುಕೊಳ್ಳುವ ಕಂಬಳಿ. "ಇದಕ್ಕೆ ಸೊಕ್ಕು ಬಂದಿದೆ, ಗೋಣಿಚೀಲದಲ್ಲಿ ಹಾಕಿ ದೂರದ ಊರಿಗೆ ಬಿಟ್ಟು ಬನ್ನಿ" ಎಂದು ಅತ್ತೆಯವರು ತೀರ್ಮಾನಿಸಿದ್ದಾರೆ. "80 ದಾಟಿದ ಮಾವನವರು ಮಾತ್ರ ಏನೂ ಆಡಲಿಲ್ಲ. ಅವರಿಗೂ ಈಚೆಗೆ ರಾತ್ರಿ ಎದ್ದು ಹೋಗುವಷ್ಟರಲ್ಲಿ ತಡವಾಗಿಬಿಡುತ್ತದೆ" ಎಂದು ಆ ತಾಯಿ ತಲೆ ತಗ್ಗಿಸಿದರು.

ಆ ಮಾತು ನಮ್ಮನ್ನು ಚುಚ್ಚಿತು. ಏಕೆಂದರೆ ಅಂಥ ಗೋಣಿಚೀಲಕ್ಕೆ ಒಮ್ಮೆ ನಾವೇ ಅಪ್ಪಣೆ ಕೊಟ್ಟಿದ್ದೆವು. ದಾಸೋಹದ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ, ಹತ್ತಾರು ವರ್ಷ ಇಲಿಗಳಿಂದ ಕಾಳನ್ನು ಕಾಯ್ದ ಮುದಿ ಬೆಕ್ಕೊಂದು ಚೀಲಗಳ ನಡುವೆ ಗಲೀಜು ಮಾಡತೊಡಗಿತು. ಅದನ್ನು ಹಳ್ಳದಾಚೆ ಬಿಟ್ಟು ಬರಲು ಹೇಳಿದೆವು. ಅದು ಮರಳಿ ಬರಲಿಲ್ಲ. ಅದು ಏಕೆ ಹಾಗೆ ಮಾಡಿತೆಂದು ಅಂದು ಕೇಳುವ ತಾಳ್ಮೆ ನಮ್ಮಲ್ಲಿರಲಿಲ್ಲ. ಬಳಿಕ ಪಶುವೈದ್ಯರಿಂದ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ. ಇನ್ನೊಂದು ಮನೆಯಲ್ಲಿ ಆ ತಪ್ಪು ಆಗದಿರಲಿ.

ಬೆಕ್ಕು ಸ್ವಭಾವತಃ ಶುಚಿಯಾದ ಪ್ರಾಣಿ. ತನ್ನ ಮಲವನ್ನು ತಾನೇ ಮುಚ್ಚುವ ಜೀವವು ಮುಪ್ಪಿನಲ್ಲಿ ಆ ರೂಢಿಯನ್ನು ಬಿಟ್ಟರೆ, ಅದನ್ನು ಸೊಕ್ಕೆಂದು ತಿಳಿಯದೆ ದೇಹದ ದೂರೆಂದು ತಿಳಿಯಬೇಕು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ಮೀರಿದ 100 ಬೆಕ್ಕುಗಳ ಕ್ಷ-ಕಿರಣ ಚಿತ್ರಗಳನ್ನು ಪರಿಶೀಲಿಸಿದಾಗ, 90 ಬೆಕ್ಕುಗಳಲ್ಲಿ ಕೀಲುಗಳ ಸವೆತ ಕಂಡುಬಂದಿತು. ಬೆಕ್ಕು ನೋವನ್ನು ಕೂಗಿ ಹೇಳುವುದಿಲ್ಲ; ಜಗಲಿಗೆ ಹಾರುವುದನ್ನು ನಿಲ್ಲಿಸುತ್ತದೆ, ಮೆಟ್ಟಿಲೇರಲು ಅನುಮಾನಿಸುತ್ತದೆ, ಅಷ್ಟೆ. ಎತ್ತರದ ಅಂಚಿನ ತೊಟ್ಟಿಯನ್ನು ದಾಟುವುದು ಅದಕ್ಕೆ ಗೋಡೆ ಹತ್ತಿದಂತೆ. ಒರಟು ಮರಳಿಗಿಂತ ಮೆತ್ತನೆಯ ಕಂಬಳಿ ಅದರ ಪಾದಕ್ಕೆ ಹಿತ. ಪೂಜೆಯ ಆಸನವನ್ನು ಅದು ಆರಿಸಿಕೊಂಡದ್ದರ ಗುಟ್ಟು ಇಷ್ಟೇ ಇರಬಹುದು.

ಕೀಲುಗಳಲ್ಲದೆ ಬೇರೆ ಕಾರಣಗಳೂ ಉಂಟು. ಮೂತ್ರಪಿಂಡದ ದೌರ್ಬಲ್ಯ, ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ ಇವುಗಳಲ್ಲಿ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತದೆ. ಮೂತ್ರದ ಸೋಂಕು, ಮಲಬದ್ಧತೆ, ದೃಷ್ಟಿಮಾಂದ್ಯ, ಮರೆವು ಕೂಡ ಕಾರಣವಾಗುತ್ತವೆ. ಆದುದರಿಂದ ಮೊದಲ ಕೆಲಸ ಪಶುವೈದ್ಯರಲ್ಲಿಗೆ ಒಯ್ದು ರಕ್ತ ಮತ್ತು ಮೂತ್ರಗಳನ್ನು ಪರೀಕ್ಷೆ ಮಾಡಿಸುವುದು. ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಬೆಕ್ಕು ಮೇಲಿಂದ ಮೇಲೆ ಮುಕ್ಕರಿದರೂ ಮೂತ್ರ ಬಾರದಿದ್ದರೆ, ವಿಶೇಷವಾಗಿ ಗಂಡು ಬೆಕ್ಕಾದರೆ, ಒಂದು ದಿನವೂ ಕಾಯಬಾರದು, ಅದು ಪ್ರಾಣಾಪಾಯ.

ಎರಡು ಎಚ್ಚರಿಕೆಗಳನ್ನು ಮರೆಯದಿರಿ. ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಕೊಡಬೇಡಿ. ಮನುಷ್ಯರಿಗೆ ಮದ್ದಾದದ್ದು ಬೆಕ್ಕಿಗೆ ಮಾರಕ ವಿಷ. ಗಲೀಜು ಕಡಿಮೆಯಾಗಲೆಂದು ನೀರಿನ ಬಟ್ಟಲನ್ನು ಎತ್ತಿಡಬೇಡಿ. ದುರ್ಬಲ ಮೂತ್ರಪಿಂಡಕ್ಕೆ ನೀರೇ ಆಧಾರ.

ಇನ್ನು ಮನೆಯಲ್ಲಿ ಮಾಡಬೇಕಾದದ್ದು. ಅಗಲವಾದ ಪ್ಲಾಸ್ಟಿಕ್ ಟಬ್ಬನ್ನು ತಂದು, ಒಂದು ಬದಿಯ ಅಂಚನ್ನು ನೆಲದಿಂದ ಮೂರು ನಾಲ್ಕು ಬೆರಳಷ್ಟೇ ಉಳಿಯುವಂತೆ ಕತ್ತರಿಸಿ, ತರಚದಂತೆ ಉಜ್ಜಿ ನಯಗೊಳಿಸಿರಿ. ಸಣ್ಣಗೆ ಜರಡಿ ಹಿಡಿದ ಮೃದು ಮರಳನ್ನು ತೆಳುವಾಗಿ ಹರಡಿರಿ. ಬೆಕ್ಕು ಮಲಗುವ ಜಾಗದ ಸಮೀಪ ಒಂದು, ಇನ್ನೊಂದು ಕಡೆ ಮತ್ತೊಂದು ಇರಲಿ. ಆದರೆ ಅನ್ನನೀರಿನ ಬಟ್ಟಲಿಗೆ ತಾಗಿಕೊಂಡಿರಬಾರದು. ಮಲವನ್ನು ದಿನವೂ ತೆಗೆಯಿರಿ. ರಾತ್ರಿ ಸಣ್ಣ ದೀಪವೊಂದು ಉರಿಯಲಿ. ಗಲೀಜಾದ ಜಾಗವನ್ನು ಫಿನಾಯಿಲ್‌ನಿಂದ ಒರೆಸಬೇಡಿ; ಅದರಲ್ಲಿರುವ ರಾಸಾಯನಿಕಗಳು ಬೆಕ್ಕಿಗೆ ಹಾನಿಕರ. ಅಮೋನಿಯ ಬೆರೆತ ದ್ರಾವಣದ ವಾಸನೆ ಮೂತ್ರವನ್ನೇ ಹೋಲುವುದರಿಂದ ಅದೂ ಬೇಡ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣದಿಂದ ತೊಳೆದು ಚೆನ್ನಾಗಿ ಒಣಗಿಸಿರಿ. ಹೊಡೆಯುವುದು, ಮೂತಿಯನ್ನು ನೆಲಕ್ಕೆ ಉಜ್ಜುವುದು ಎಂದಿಗೂ ಕೂಡದು. ಅದರಿಂದ ಬೆಕ್ಕು ಹೆದರಿ ಅಡಗಿ ಮಾಡುತ್ತದೆಯೇ ಹೊರತು ಕಲಿಯುವುದಿಲ್ಲ.

"ಆದರೆ ಪೂಜೆಯ ಕಂಬಳಿ?" ಎಂದು ಆ ತಾಯಿ ಕೇಳಿದರು. ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಪರಂಪರೆ ನಮ್ಮದು. ತೊಳೆದರೆ ಹೋಗುವುದು ಬರಿಯ ಕೊಳೆ, ಅದನ್ನು ತೊಳೆಯೋಣ. ಅದರ ನೆವದಲ್ಲಿ ಒಂದು ಜೀವವನ್ನು ಹೊರಗೆ ಹಾಕಿದರೆ ಅದನ್ನು ಯಾವ ನೀರಿನಿಂದ ತೊಳೆಯುವುದು? ಸಾಕಿದ ಪ್ರಾಣಿಯನ್ನು ಅದು ಹಸಿವು ನೀರಡಿಕೆಗಳಿಂದ ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಬಸವಾದಿ ಶರಣರು ಬೋಧಿಸಿದವರಿಗೆ ಕಾಯಿದೆ ನೆನಪಿಸುವವರೆಗೆ ಕಾಯುವುದು ಶೋಭಿಸದು.

ಮೊನ್ನೆ ಆ ತಾಯಿ ಮತ್ತೆ ಸಿಕ್ಕಿದ್ದರು. ವೈದ್ಯರು ಕೀಲುನೋವನ್ನೂ ಮೂತ್ರಪಿಂಡದ ದೌರ್ಬಲ್ಯವನ್ನೂ ಗುರುತಿಸಿ ಔಷಧ, ಪಥ್ಯ ಹೇಳಿದ್ದಾರೆ. ಮುಪ್ಪಿಗೆ ಮದ್ದಿಲ್ಲ, ಬೆಕ್ಕು ಈಗಲೂ ವಾರಕ್ಕೊಮ್ಮೆ ತಪ್ಪುವುದುಂಟು. ಆದರೆ ಗೋಣಿಚೀಲದ ಮಾತು ನಿಂತಿದೆ. ಪಡಸಾಲೆಯಲ್ಲಿ ಬೆಕ್ಕಿಗಾಗಿ ದೀಪ ಹಚ್ಚಿಟ್ಟ ಮೊದಲ ರಾತ್ರಿ, ಎದ್ದು ಬಂದ ಮಾವನವರು ಅದನ್ನು ನೋಡಿ, "ನನಗೂ ಆಯಿತವ್ವ, ಇದು ದಿನಾ ಇರಲಿ" ಎಂದರಂತೆ. ನಿಮ್ಮ ಮನೆಯಲ್ಲಿ ಮುಪ್ಪಿನ ಜೀವ ಯಾವುದಿದ್ದರೂ ಅಂಥದೊಂದು ದೀಪವಿರಲಿ.