ಪಾಠಶುದ್ಧಿಯೂ ಚೆಕ್‌ಸಮ್ಮೂ

ಗ್ರಂಥವೊಂದು ಕೈಯಿಂದ ಕೈಗೆ ಸಾಗುವಾಗ ಕೆಲವೆಡೆ ಇಲ್ಲದ ಮಾತುಗಳು ಸೇರುವ ಪ್ರಕ್ಷೇಪವುಂಟೆಂದೂ, ಕೆಲವೆಡೆ ಇದ್ದ ಮಾತುಗಳು ಲೋಪಗೊಳ್ಳುವುದುಂಟೆಂದೂ, ಕೆಲವೆಡೆ ಹಿಂದಿನದು ಮುಂದಾಗಿ ಮುಂದಿನದು ಹಿಂದಾಗುವುದುಂಟೆಂದೂ, ಮತ್ತೆ ಕೆಲವೆಡೆ ಕೇವಲ ಪ್ರಮಾದದಿಂದಲೇ ಪಾಠವು ಕೆಡುವುದುಂಟೆಂದೂ ಶ್ರೀಮಧ್ವಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ ಎರಡನೆಯ ಅಧ್ಯಾಯದಲ್ಲಿ ಎಣಿಸಿ ತೋರಿಸಿದ್ದಾರೆ. ಅವರ ಸಾಕ್ಷಾತ್ ಶಿಷ್ಯರಾದ ಹೃಷೀಕೇಶತೀರ್ಥರು ಬರೆದುದೆಂದು ಪರಂಪರೆಯು ಗೌರವಿಸುತ್ತ ಬಂದಿರುವ, ಆಚಾರ್ಯರ ಗ್ರಂಥಗಳ ಸಮುಚ್ಚಯವಾದ ಸರ್ವಮೂಲದ ತಾಳೆಯೋಲೆಯ ಪ್ರತಿಯನ್ನು, ಇಂದಿನ ಕಾಪು ತಾಲ್ಲೂಕಿಗೆ ಸೇರಿದ ಪಲಿಮಾರಿನ ಹೆಸರಿನ ಮಠವು ಶತಮಾನಗಳ ಕಾಲ ಜೋಪಾನ ಮಾಡಿತು. ಬನ್ನಂಜೆ ಗೋವಿಂದಾಚಾರ್ಯರು ಅದನ್ನೇ ಆಧಾರವಾಗಿಟ್ಟುಕೊಂಡು ಸರ್ವಮೂಲವನ್ನು ಸಂಪಾದಿಸಿದರು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಅವೇ ಓಲೆಗಳ ಮಸುಕಾದ ಅಕ್ಷರಗಳನ್ನು ಅತಿಕೆಂಪು ಬೆಳಕಿನಲ್ಲಿ ಚಿತ್ರಿಸಿ ಉದ್ಧರಿಸಿದರು. ಒಂದು ಅಕ್ಷರವೂ ಮೂಲದಿಂದ ಕದಲಬಾರದೆಂಬ ನಿಷ್ಠೆಯು ಈ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಆ ನಿಷ್ಠೆಯು ಗಣಕಯಂತ್ರದ ಮುಂದೆ ಕುಳಿತೊಡನೆ ನಮ್ಮಲ್ಲಿ ಸಡಿಲವಾಗುತ್ತಿರುವುದೇ ನನ್ನ ಚಿಂತೆ. ಮಣಿಪಾಲದ ವಿದ್ಯಾರ್ಥಿಯಾಗಲಿ, ಕಾರ್ಕಳದ ಡಿಟಿಪಿ ಅಂಗಡಿಯವರಾಗಲಿ, ಉಡುಪಿಯ ಕಚೇರಿಯ ಗುಮಾಸ್ತರಾಗಲಿ, ಬೇಕಾದ ತಂತ್ರಾಂಶವನ್ನು ಹುಡುಕಿದಾಗ ಮೊದಲು ಕಂಡ ತಾಣದಿಂದ ಇಳಿಸಿಕೊಂಡು, ಅಥವಾ ಗೆಳೆಯರ ಪೆನ್‌ಡ್ರೈವಿನಿಂದ ಪಡೆದುಕೊಂಡು, ಅದು ಕರ್ತೃವು ಕೊಟ್ಟದ್ದೇ ಹೌದೆ ಎಂದು ಕೇಳದೆ ಯಂತ್ರದೊಳಗೆ ಸ್ಥಾಪಿಸಿಬಿಡುವರು. ಕನ್ನಡದ ತಂತ್ರಾಂಶಗಳ ಮಟ್ಟಿಗೆ ಈ ಅಪಾಯವು ವಿಶೇಷವಾದುದು. ಕಿನ್ನಿಕಂಬಳದಲ್ಲಿ ಹುಟ್ಟಿ ಮಣಿಪಾಲದಲ್ಲಿ ಅಧ್ಯಾಪನ ಮಾಡಿದ ಕೆ. ಪಿ. ರಾವ್ ಅವರು ತಾವು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಬೆಲೆ ಕೇಳದೆ ನಾಡಿಗೆ ಕೊಟ್ಟರು. ಅದನ್ನು ಅನುಸರಿಸಿದ ‘ನುಡಿ’ ತಂತ್ರಾಂಶವೂ ಉಚಿತವಾಗಿಯೇ ಹಂಚಿಕೆಯಾಯಿತು. ಉಚಿತವಾದುದನ್ನು ಯಾರು ಬೇಕಾದರೂ ತಮ್ಮ ತಾಣದಲ್ಲಿ ಇರಿಸಬಹುದಷ್ಟೆ. ಆ ಔದಾರ್ಯದ ಮರೆಯಲ್ಲಿ ದುರುದ್ದೇಶದ ಪ್ರಕ್ಷೇಪಕ್ಕೂ ಅವಕಾಶವುಂಟು.

ಇದಕ್ಕೆ ಪರಿಹಾರವೆಂದರೆ ಚೆಕ್‌ಸಮ್ ಅಥವಾ ಹ್ಯಾಶ್ ಎಂದು ಕರೆಯುವ ಪರೀಕ್ಷಾಸಂಖ್ಯೆ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕೆಯು ಹಿಂದಿನ ಹನ್ನೊಂದರಿಂದ ಗಣಿತಕ್ರಮದಲ್ಲಿ ಹುಟ್ಟಿದುದಾದ್ದರಿಂದ, ಬರೆಯುವಾಗ ಒಂದು ಅಂಕೆ ತಪ್ಪಿದರೆ ಯಂತ್ರವು ಕೂಡಲೇ ಗುರುತಿಸಬಲ್ಲುದು. ಅದೇ ತತ್ತ್ವದ ಬಹು ಬಲಿಷ್ಠವಾದ ರೂಪವೇ ಹ್ಯಾಶ್. ಎಸ್‌ಎಚ್‌ಎ-256 ಎಂಬ ಕ್ರಮಕ್ಕೆ ಎಷ್ಟೇ ದೊಡ್ಡ ಕಡತವನ್ನು ಒಡ್ಡಿದರೂ 64 ಚಿಹ್ನೆಗಳ ಒಂದೇ ಸಾಲು ಹೊರಬರುವುದು. ಕಡತದಲ್ಲಿ ಒಂದು ಬಿಟ್ ಬದಲಾದರೂ ಆ ಸಾಲು ಗುರುತು ಸಿಗದಂತೆ ಬೇರೆಯಾಗುವುದು. ವಿಂಡೋಸಿನಲ್ಲಿ ಸರ್ಟ್‌ಯುಟಿಲ್, ಲಿನಕ್ಸಿನಲ್ಲಿ ಎಸ್‌ಎಚ್‌ಎ256ಸಮ್ ಎಂಬ ಆದೇಶಗಳು ಇದನ್ನು ಲೆಕ್ಕ ಹಾಕಿ ಕೊಡುವುವು. ಬಂದ ಸಾಲನ್ನು ತಂತ್ರಾಂಶದ ಕರ್ತೃಗಳು ಪ್ರಕಟಿಸಿದ ಸಾಲಿನೊಡನೆ ಹೋಲಿಸಿ ನೋಡುವುದಷ್ಟೇ ನಮ್ಮ ಪಾಲಿನ ಶ್ರಮ.

ಪ್ರಮಾದವೂ ಪ್ರಕ್ಷೇಪವೂ ಬೇರೆಬೇರೆಯೆಂಬ ವಿವೇಕವು ಇಲ್ಲಿಯೂ ಆವಶ್ಯಕ. ಇಳಿಸಿಕೊಳ್ಳುವಾಗ ಸಂಪರ್ಕ ಕಡಿದು ಕಡತವು ಅರೆಯಾದರೆ ಹಳೆಯ ಎಂಡಿ5 ಕ್ರಮವೂ ಅದನ್ನು ಹೇಳಬಲ್ಲುದು. ಆದರೆ ಒಂದೇ ಎಂಡಿ5 ಸಂಖ್ಯೆಯುಳ್ಳ ಎರಡು ಭಿನ್ನ ದತ್ತಾಂಶಗಳನ್ನು ಬುದ್ಧಿಪೂರ್ವಕವಾಗಿ ರಚಿಸಬಹುದೆಂದು 2004ರಲ್ಲಿ ಚೀನದ ವಿದುಷಿ ವಾಂಗ್ ಶಿಯಾವ್‌ಯುನ್ ಮತ್ತು ಅವರ ಸಂಗಡಿಗರು ತೋರಿಸಿದರು. 2017ರಲ್ಲಿ ಎಸ್‌ಎಚ್‌ಎ-1ಕ್ಕೂ ಅದೇ ಗತಿಯಾಯಿತು. ಆದಕಾರಣ ದುಷ್ಟಬುದ್ಧಿಯ ಶಂಕೆಯುಳ್ಳಲ್ಲಿ ಎಸ್‌ಎಚ್‌ಎ-256 ಅಥವಾ ಅದಕ್ಕಿಂತ ದೃಢವಾದುದನ್ನೇ ನೆಚ್ಚತಕ್ಕದ್ದು. ಈ ಶಂಕೆಯು ಕಾಲ್ಪನಿಕವಲ್ಲ. 2019ರ ನವೆಂಬರಿನಲ್ಲಿ ಮೊನೆರೊ ಎಂಬ ಅಂಕೀಯ ನಾಣ್ಯದ ಅಧಿಕೃತ ತಾಣಕ್ಕೇ ಕಳ್ಳರು ನುಗ್ಗಿ, ಹಣ ಕದಿಯುವ ಪ್ರತಿಯನ್ನು ನಿಜವಾದುದರ ಜಾಗದಲ್ಲಿ ಇರಿಸಿದ್ದರು. ಹ್ಯಾಶ್ ತಾಳೆಯಾಗಲಿಲ್ಲವೆಂದು ಒಬ್ಬ ಬಳಕೆದಾರನು ಎಚ್ಚರಿಸಿದ್ದರಿಂದಲೇ ಮೋಸವು ಬಯಲಾಯಿತು.

ಆದರೂ ಒಂದು ಆಕ್ಷೇಪವುಂಟು, ಮತ್ತು ಅದು ನ್ಯಾಯವಾದುದು. ಕಡತವೂ ಹ್ಯಾಶೂ ಒಂದೇ ತಾಣದಲ್ಲಿದ್ದರೆ, ತಾಣವನ್ನು ಕೈವಶ ಮಾಡಿಕೊಂಡವನು ಎರಡನ್ನೂ ತಿದ್ದಲಾರನೆ? ತಿದ್ದಬಲ್ಲನು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಾಣವು ಹಾಗೆಯೇ ಪರರ ವಶವಾಗಿ, ಕಳ್ಳದಾರಿಯುಳ್ಳ ಪ್ರತಿಯತ್ತ ಜನರನ್ನು ಕಳುಹಿಸಿತ್ತು. ಕರ್ತೃವಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸುವುದು ಒಂದು ಉತ್ತರ. ಮತ್ತೊಂದು, ಅಂತರ್ಜಾಲದ ಕೈಗೆ ಎಟುಕದ ಬೇರೊಂದು ದಾರಿಯಿಂದ ಆ ಸಂಖ್ಯೆಯನ್ನು ಪಡೆಯುವುದು. ಶ್ಯೂರಿಟಿ ಎಂಬ ಅಮೆರಿಕದ ಸಂಸ್ಥೆಯು 1995ರಿಂದ ತನ್ನ ದಾಖಲೆಗಳ ಹ್ಯಾಶನ್ನು ವಾರವಾರವೂ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕಿರುಪ್ರಕಟಣೆಗಳ ನಡುವೆ ಅಚ್ಚು ಹಾಕಿಸತೊಡಗಿತು. ಸಾವಿರಾರು ಮನೆಗಳನ್ನು ಸೇರಿದ ಅಚ್ಚಿನ ಸಾಲನ್ನು ಯಾವ ಕಳ್ಳನು ತಾನೆ ತಿದ್ದಿಯಾನು?

ನಮ್ಮಲ್ಲಿಯೂ ಇದು ಅಸಾಧ್ಯವೇನಲ್ಲ. ಸರ್ಕಾರವು, ವಿಶ್ವವಿದ್ಯಾಲಯಗಳು, ಕನ್ನಡದ ಅಕ್ಷರವಿನ್ಯಾಸಗಳನ್ನೂ ತಂತ್ರಾಂಶಗಳನ್ನೂ ಹಂಚುವ ಸಂಸ್ಥೆಗಳು, ಪ್ರತಿ ಆವೃತ್ತಿಯ ಎಸ್‌ಎಚ್‌ಎ-256 ಸಂಖ್ಯೆಯನ್ನು ತಮ್ಮ ತಾಣದಲ್ಲಿಯೂ ದಿನಪತ್ರಿಕೆಯ ಪ್ರಕಟಣೆಯಲ್ಲಿಯೂ ಕಡ್ಡಾಯವಾಗಿ ಕೊಡಲಿ. ಅದನ್ನು ಹೋಲಿಸಿ ನೋಡುವ ವಿಧಾನವನ್ನು ಪ್ರೌಢಶಾಲೆಯ ಗಣಕದ ಪಾಠದಲ್ಲಿ ಸೇರಿಸಲಿ. 1970ರಿಂದ ಕನ್ನಡ ದಿನಪತ್ರಿಕೆಯೊಂದು ಅಚ್ಚಾಗುತ್ತಿರುವ ಮಣಿಪಾಲದಲ್ಲಿ 64 ಅಕ್ಷರಗಳಿಗೆ ಒಂದು ಸಾಲಿನ ಸ್ಥಳ ದೊರೆಯದೆ ಇರದು; ಉಡುಪಿ ಜಿಲ್ಲೆಯ ಪತ್ರಿಕೆಗಳೇ ಮೊದಲು ಮುಂದೆ ಬರಬೇಕೆಂದು ಪ್ರಾರ್ಥಿಸುತ್ತೇನೆ.