ಅದು ಅಮೃತಬಳ್ಳಿಯೇ ಅಲ್ಲ ಅಂದ್ರೆ, ಬಾಟಲಿಯಲ್ಲಿ ಇರೋದೇನು?

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯುತ್ತಿತ್ತು. ಹಿತ್ತಲ ಬೇಲಿಗೆ ಹಬ್ಬುವ ಅಮೃತಬಳ್ಳಿ 'ಗಿಲೋಯ್' ಅನ್ನೋ ಹಿಂದಿ ಹೆಸರಲ್ಲಿ ಮಾತ್ರೆಯಾಗಿ, ಜ್ಯೂಸ್ ಆಗಿ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತಿತ್ತು. ಇದು ಬರೀ ವಾಟ್ಸಾಪ್ ಸಲಹೆಯಲ್ಲ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆಯುರ್ವೇದ-ಯೋಗ ಆಧಾರಿತ ಕೋವಿಡ್ ಮಾರ್ಗಸೂಚಿಯಲ್ಲೇ ಗುಡೂಚಿ, ಅಂದ್ರೆ ಇದೇ ಅಮೃತಬಳ್ಳಿ, ಇತ್ತು.

ಮರುವರ್ಷ ಮುಂಬೈನ ಲಿವರ್ ತಜ್ಞರು ಆರು ರೋಗಿಗಳ ವರದಿ ಪ್ರಕಟಿಸಿದರು. ಆರೂ ಜನರ ಲಿವರ್‌ಗೆ ಪೆಟ್ಟು ಬಿದ್ದಿತ್ತು, ಆರೂ ಜನ ಅಮೃತಬಳ್ಳಿ ಸೇವಿಸಿದ್ದರು. ರೋಗನಿರೋಧಕ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬಿದ್ದಂಥ ಲಕ್ಷಣಗಳು ಕಂಡವು. 'ಇಮ್ಯೂನಿಟಿ ಹೆಚ್ಚಿಸುತ್ತೆ' ಅನ್ನೋದು ಜಾಹೀರಾತಿನ ಮಾತು. ಆಟೋಇಮ್ಯೂನ್ ಪ್ರವೃತ್ತಿ ಇರುವವರಿಗೆ ಅದೇ ಅಪಾಯ ಆಗಬಹುದು ಅನ್ನೋದು ವೈದ್ಯರ ವಾದ. 2022ರಲ್ಲಿ 13 ಕೇಂದ್ರಗಳ ಅಧ್ಯಯನ ಇಂಥದ್ದೇ 43 ಪ್ರಕರಣಗಳನ್ನ ದಾಖಲಿಸಿತು. ಸೇವನೆ ಶುರುವಾಗಿ ಸುಮಾರು ಒಂದೂವರೆ ತಿಂಗಳಿಗೆ ತೊಂದರೆ ಕಾಣಿಸಿಕೊಂಡಿತ್ತು. ಕೆಲವರು ಉಳಿಯಲಿಲ್ಲ.

ಕೋಟ್ಯಂತರ ಜನ ಕುಡಿದಿರುವಾಗ 43 ಸಣ್ಣ ಸಂಖ್ಯೆಯೇ, ನಿಜ. ಆದರೆ ಕಷಾಯವನ್ನ ನಾವು ಔಷಧಿ ಅಂತಲೇ ಲೆಕ್ಕ ಹಿಡಿಯಲ್ಲ. 'ಏನಾದ್ರೂ ಮಾತ್ರೆ ತಗೋತಿದ್ದೀರಾ?' ಅಂತ ಡಾಕ್ಟರ್ ಕೇಳಿದ್ರೆ 'ಇಲ್ಲ ಸಾರ್' ಅಂತೀವಿ. ಹಾಗಿರುವಾಗ ದಾಖಲಾಗದೆ ಉಳಿದ ಪ್ರಕರಣಗಳೂ ಇರುತ್ತವೆ.

ಆಯುಷ್ ಸಚಿವಾಲಯ ಏನು ಹೇಳಿತು? ಮುಂಬೈ ವರದಿ ದಾರಿ ತಪ್ಪಿಸುವಂಥದ್ದು, ಅಮೃತಬಳ್ಳಿ ಸುರಕ್ಷಿತ, ರೋಗಿಗಳು ಸೇವಿಸಿದ್ದನ್ನ ಪರೀಕ್ಷಿಸಿಲ್ಲ, ಅದು ಅದನ್ನೇ ಹೋಲುವ ಟಿನೋಸ್ಪೊರಾ ಕ್ರಿಸ್ಪಾ ಅನ್ನೋ ಇನ್ನೊಂದು ಬಳ್ಳಿ ಇರಬಹುದು ಅಂತ. (ಎರಡನೇ ಅಧ್ಯಯನ ಸಿಕ್ಕ ಸ್ಯಾಂಪಲ್‌ಗಳನ್ನ ಪರೀಕ್ಷಿಸಿಯೇ ಅಮೃತಬಳ್ಳಿ ಕಡೆ ಬೆರಳು ತೋರಿಸಿತ್ತು.)

ಸಚಿವಾಲಯದ ವಾದವನ್ನೇ ಒಪ್ಪಿಕೊಳ್ಳೋಣ. ಹಾಗಾದ್ರೆ ಅಮೃತಬಳ್ಳಿ ಹೆಸರಲ್ಲಿ ಬೇರೆ ಬಳ್ಳಿ ಮಾರಾಟ ಆಗ್ತಿದ್ರೆ ಅದನ್ನ ಹಿಡಿಯಬೇಕಿದ್ದವರು ಯಾರು? ಅಂಗಡಿಯಲ್ಲಿ ಮಾತ್ರೆ ಕೊಂಡವರು ಎಲೆ ನೋಡಿ ಗುರುತಿಸೋಕೆ ಆಗುತ್ತಾ? ಗಿಡ ಅದೇ ಆಗಿದ್ರೆ ಸುರಕ್ಷತೆಯ ಪ್ರಶ್ನೆ, ಬೇರೆ ಆಗಿದ್ರೆ ಕಲಬೆರಕೆಯ ಪ್ರಶ್ನೆ. ಎರಡೂ ಸರ್ಕಾರದ ಬಾಗಿಲಿಗೇ ಬರುತ್ತವೆ. ಆಯುರ್ವೇದವನ್ನ ಪ್ರಚಾರ ಮಾಡೋ ಸಚಿವಾಲಯವೇ ಅದರ ಮೇಲಿನ ದೂರಿಗೂ ತೀರ್ಪು ಕೊಟ್ಟರೆ ಉತ್ತರ ಹೀಗೇ ಇರುತ್ತೆ.

ನಿಯಮಗಳ ಕಥೆಯೂ ಇದೇ. ಶಾಸ್ತ್ರಗ್ರಂಥದಲ್ಲಿ ಹೇಳಿದ ಔಷಧವನ್ನ ಹೇಳಿದಂತೆ ತಯಾರಿಸಿದ್ರೆ ಲೈಸೆನ್ಸ್‌ಗೆ ಸುರಕ್ಷತಾ ಅಧ್ಯಯನ ಬೇಕಿಲ್ಲ. ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು ಅಂತ 2018ರಲ್ಲಿ ನಿಯಮ 170 ಬಂತು. 2023ರಲ್ಲಿ ಸಚಿವಾಲಯ ಅದರಡಿ ಕ್ರಮ ಬೇಡ ಅಂತ ರಾಜ್ಯಗಳಿಗೆ ಪತ್ರ ಬರೆಯಿತು, 2024ರ ಜುಲೈನಲ್ಲಿ ನಿಯಮವನ್ನೇ ಕೈಬಿಟ್ಟಿತು. ಪತಂಜಲಿ ಜಾಹೀರಾತು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಆಗಸ್ಟ್‌ನಲ್ಲಿ ತಡೆ ಕೊಟ್ಟಿತ್ತು. 2025ರ ಆಗಸ್ಟ್‌ನಲ್ಲಿ ಪ್ರಕರಣ ಮುಗಿಯಿತು, ತಡೆಯೂ ತೆರವಾಯಿತು.

ಪತಂಜಲಿ ಕ್ಷಮೆ ಕೇಳಿದ್ದು ದೊಡ್ಡ ಸುದ್ದಿಯಾಯಿತು. ನಿಯಮ ಹೋದದ್ದು ಅಷ್ಟು ಸುದ್ದಿ ಆಗಲಿಲ್ಲ.